ಅರ್ಧಕ್ಕೆ ನಿಂತ ಸೋಬಾನೆ

ನನ್ನ ಹೆಂಡತಿ ತೀರಿಕೊಂಡ ಮೇಲೆ ಅವಳ ದನಿ ಉಳಿದದ್ದು ಮಗಳ ಮೊಬೈಲಿನಲ್ಲಿ ಮಾತ್ರ. ಊಟದ ಹೊತ್ತಿನಲ್ಲಿ, ಮಗ್ಗಗಳು ನಿಂತಿದ್ದಾಗ, ಅವಳು ಹೇಳಿದ ಒಂದು ಸೋಬಾನೆ ಪದ. ದೊಡ್ಡಬಳ್ಳಾಪುರದಲ್ಲಿ ನಲವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ಕೂತ ನನ್ನ ಕಿವಿಗೆ ಮೊಬೈಲಿನ ಸಣ್ಣ ದನಿ ಸಾಲುತ್ತಿರಲಿಲ್ಲ. ಮಗಳು ಎರಡು ಸ್ಪೀಕರ್ ತಂದಳು.

ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಬೀರುವಿನ ಮೇಲೆ ಇಟ್ಟೆವು. ಪದವೇನೋ ಕೇಳಿಸಿತು. ಆದರೆ ದನಿ ಕಿಟಕಿಯ ಮೂಲೆಗೇ ಅಂಟಿಕೊಂಡಿತ್ತು. ಅವಳು ಯಾರಿಗೋ ಹಾಡುತ್ತಿದ್ದಾಳೆ, ನನಗಲ್ಲ ಅನಿಸಿತು.

ಮದುವೆಗಳಿಗೆ ಮೈಕ್ ಸೆಟ್ ಹಾಕುವ ಬಾಲ್ಯದ ಗೆಳೆಯನನ್ನು ಕರೆದೆ. ನನ್ನ ಕುರ್ಚಿ ಇದ್ದ ಜಾಗ ನೋಡಿಯೇ ಅವನು ನಕ್ಕ.

"ಲೇ, ಕಿಟಕಿದು ನಿನಗೆ ಹತ್ರ ಐತೆ, ಬೀರು ಮೇಲಿಂದು ದೂರ ಐತೆ. ಹತ್ರದ್ದು ಕಿವಿಗೆ ಮೊದ್ಲು ಬರುತ್ತೆ ಕಣೋ, ಕಿವಿ ಅದನ್ನೇ ನಂಬುತ್ತೆ. ಎರಡೂ ಒಟ್ಟಿಗೆ ಬಂದ್ರೆ ದನಿ ನಡುಮಧ್ಯೆ ನಿಲ್ಲುತ್ತೆ."

"ಅಷ್ಟು ಚೂರು ವ್ಯತ್ಯಾಸ ಗೊತ್ತಾಗುತ್ತಾ?"

"ನಿನ್ನ ಕಿವಿಗೂ ಗೊತ್ತಾಗುತ್ತೆ, ಕೂತ್ಕೊ."

ಅಳೆಯಲು ಟೇಪ್ ಇರಲಿಲ್ಲ. ರೇಷ್ಮೆ ನೂಲು ಕೊಟ್ಟೆ. ಒಂದು ತುದಿಯನ್ನು ನನ್ನ ಮೂಗಿಗೆ ಹಿಡಿಸಿ, ಇನ್ನೊಂದು ತುದಿಯನ್ನು ಸ್ಪೀಕರಿನವರೆಗೆ ಎಳೆದು ಗಂಟು ಹಾಕಿದ. ಅದೇ ಅಳತೆಗೆ ಎರಡನೆಯದನ್ನೂ ಸರಿಸಿ, ಎರಡನ್ನೂ ನನ್ನ ಕಿವಿಯ ಎತ್ತರಕ್ಕೆ ಒಂದೊಂದು ಸ್ಟೂಲಿನ ಮೇಲಿಟ್ಟ. ಬೀದಿಯ ಮಗ್ಗಗಳು ಊಟಕ್ಕೆ ನಿಲ್ಲುವವರೆಗೆ ಕಾದು ಪದ ಹಾಕಿದ.

ದನಿ ಎರಡೂ ಪೆಟ್ಟಿಗೆಗಳಿಂದ ಬಿಡಿಸಿಕೊಂಡು, ನಡುವಿನ ಖಾಲಿ ಗೋಡೆಯ ಮುಂದೆ ಬಂದು ನಿಂತಿತು. ಸಾಲು ಮುಗಿದಾಗ ಅವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಕೈ ಚಾಚಬೇಕೆನಿಸಿತು. ಗೆಳೆಯ ಇದ್ದಾನಲ್ಲ ಎಂದು ತೊಡೆಯ ಮೇಲೇ ಇಟ್ಟುಕೊಂಡೆ.

ಅಷ್ಟರಲ್ಲಿ ಅದೇ ಜಾಗದಿಂದ ನನ್ನ ದನಿ ಬಂತು: "ಸಾಕು ಮುಗಿಸು, ಮಗ್ಗ ಶುರು ಮಾಡ್ಬೇಕು."

ಮೊಬೈಲಿನಲ್ಲಾಗಲಿ, ಮೊದಲ ಸಲ ಬೀದಿಯ ಮಗ್ಗಗಳ ಸದ್ದಿನ ನಡುವೆ ಸ್ಪೀಕರ್ ಹಾಕಿದಾಗಾಗಲಿ ಈ ಮಾತು ನನಗೆ ಕೇಳಿಸಿರಲಿಲ್ಲ. ಅವಳು ಪದವನ್ನು ಅರ್ಧಕ್ಕೇ ಬಿಟ್ಟು ನಕ್ಕಳು. "ಆಯ್ತು ಕಣ್ರೀ, ಮಿಕ್ಕಿದ್ದು ನಾಳೆ ಹೇಳ್ತೀನಿ."

ಅಂದಿನ ಮರುದಿನ ಮಿಕ್ಕಿದ್ದನ್ನು ಹೇಳೆಂದು ನಾನು ಕೇಳಲಿಲ್ಲ. ಆಮೇಲೂ ಕೇಳಲಿಲ್ಲ.

ಗೆಳೆಯ ಮೆಲ್ಲಗೆ, "ನಿನ್ನ ಮಾತು ಕಟ್ ಮಾಡ್ಬಿಡ್ಲಾ?" ಎಂದ.

"ಬೇಡ. ಅದನ್ನ ಕೇಳಿ ತಾನೇ ಅವಳು ನಕ್ಕಿದ್ದು."

ಅವನು ಹೋದ ಮೇಲೆ ದೊಡ್ಡಬೆಳವಂಗಲದಲ್ಲಿರುವ ಅವಳ ತಂಗಿಗೆ ಫೋನ್ ಮಾಡಿ, ಪದದ ಮಿಕ್ಕ ಸಾಲು ಗೊತ್ತೇ ಎಂದು ಕೇಳಿದೆ.

"ಇಲ್ಲ ಭಾವ. ಅದು ಯಾರಿಂದಾನೂ ಕಲ್ತಿದ್ದಲ್ಲ, ಅಕ್ಕನೇ ಕಟ್ಟಿದ್ದು."