ಅತ್ತೆಯ ತವರು ಹುಡುಕಿದ್ದು

ಎಂ.ಎ. ಕೊನೆಯ ವರ್ಷ ನನಗೆ ಎರಡು ಕೂಸುಗಳಿದ್ದವು. ಒಂದು ಆಗಷ್ಟೇ ಕೂರಲು ಕಲಿತಿದ್ದ ಮಗಳು, ಇನ್ನೊಂದು ಕೃಷ್ಣಾ ತೀರದ ಹಳೆಯ ಸಂತೆಗಳ ಮೇಲಿನ ಪ್ರಬಂಧ. ಎರಡೂ ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ಪ್ರಬಂಧಕ್ಕೆ ಬೇಕಾದ ಹಳೆಯ ಪತ್ರಿಕೆ, ವರದಿಗಳೆಲ್ಲ ಇದ್ದದ್ದು ಲೈಬ್ರರಿಯ ಡೇಟಾಬೇಸಿನಲ್ಲಿ. ಅದೋ, ಬಾಗೇವಾಡಿಯ ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲಷ್ಟೇ ಸಿಗುತ್ತಿತ್ತು. ಮನೆಯಲ್ಲಿ ಮೊಬೈಲಿನಿಂದ ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ.

"ಕೂಸಿನ್ನ ನಾ ನೋಡ್ಕೋತೇನಿ, ನಡಿ," ಎಂದರು ಅತ್ತೆ. ಗೊಳಸಂಗಿಯಿಂದ ಮೂವರೂ ಬಸ್ಸು ಹತ್ತುತ್ತಿದ್ದೆವು. ಕಾಲೇಜಿನ ಅಂಗಳದ ಬೇವಿನ ಗಿಡಕ್ಕೆ ಹಳೇ ಸೀರೆಯ ಜೋಳಿಗೆ ಕಟ್ಟಿ ಅವರು ಮೊಮ್ಮಗಳನ್ನು ತೂಗುವರು. ನಾನು ಒಳಗೆ ಹುಡುಕುವೆ. ಅಳು ಕೇಳಿದರೆ ಓಡಿ ಬಂದು ಹಾಲು ಕುಡಿಸುವೆ.

ಹಾಗೆ ಕುಡಿಸುತ್ತಿದ್ದಾಗ ಒಮ್ಮೆ ಅತ್ತೆ ಎಲ್ಲೋ ನೋಡುತ್ತ ಕೇಳಿದರು: "ನಿನ್ನ ಆ ಪೆಟ್ಟಿಗ್ಯಾಗ ನಮ್ಮೂರು ಐತೇನ?"

ಅವರ ತವರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಬಹಳ ವರ್ಷಗಳಾಗಿದ್ದವು. ಅಣ್ಣತಮ್ಮಂದಿರು ದಿಕ್ಕಿಗೊಬ್ಬರಾಗಿದ್ದರು. ನಾಗರ ಪಂಚಮಿ ಬಂದರೆ ಉಂಡಿ ಕಟ್ಟಿಕೊಟ್ಟು ನನ್ನನ್ನು ಚಡಚಣದ ನನ್ನ ತವರಿಗೆ ಕಳಿಸುತ್ತಿದ್ದ ಅವರು ತಾವು ಎಲ್ಲಿಗೂ ಹೋಗುತ್ತಿರಲಿಲ್ಲ. ಕರೆಯಲು ಯಾರೂ ಬರುತ್ತಿರಲಿಲ್ಲ.

ಅಂದಿನಿಂದ ನನ್ನ ಸಂತೆಗಳು ಮೂಲೆಗೆ ಬಿದ್ದವು. ಊರಿನ ಹೆಸರು ಹಾಕಿ ಹುಡುಕಿದೆ. ಬಂದದ್ದೆಲ್ಲ ನೀರಿನ ಮಟ್ಟ, ಪರಿಹಾರ, ಕಾಲುವೆಯ ವರದಿಗಳು. ಓದಿ ಓದಿ ಸಿಟ್ಟು ಬಂತು. ಮುಳುಗಿದ ಎಕರೆಗಳ ಲೆಕ್ಕ ಎಲ್ಲರ ಬಳಿಯೂ ಇತ್ತು, ಊರು ಮಾತ್ರ ಯಾರ ಬಳಿಯೂ ಇರಲಿಲ್ಲ. ನಾನು ಹೊರಬಂದಾಗಲೆಲ್ಲ ಅತ್ತೆ ತಲೆಯೆತ್ತಿ, "ಸಿಕ್ತೇನ?" ಅನ್ನುವರು. "ಇಲ್ರಿ ಅತ್ತಿ" ಅನ್ನಲು ನನಗೆ ಸಂಕಟ.

ಕೊನೆಗೆ ಅವರೇ, "ನೀರಾಗ ಹೋಗಿದ್ದು ಪೆಟ್ಟಿಗ್ಯಾಗ ಹೆಂಗ ಸಿಗತೈತಿ? ಬಿಡವಾ, ನಿನ್ನ ಓದು ನೋಡ್ಕೋ," ಎಂದರು. ಆ ಮಾತಿಗೆ ನನ್ನ ಹಟ ಇನ್ನೂ ಹೆಚ್ಚಿತು.

ನನ್ನ ಪಾಡು ನೋಡಿ ಗ್ರಂಥಪಾಲಕರು ಬಂದು ಪಕ್ಕದಲ್ಲಿ ನಿಂತರು. "ಬರೇ ವರದಿ ಯಾಕ ಹುಡುಕ್ತೀರಿ? ಹಳೇ ಸರ್ವೆ ನಕಾಶೀನೂ ಅದಾವಲ್ರಿ ಅದ್ರಾಗ," ಎಂದು ಪರದೆಯ ಅಂಚು ತೋರಿಸಿದರು. ದಿನಾ ಕಣ್ಣೆದುರೇ ಇದ್ದದ್ದು! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ನಕಾಶೆ ತೆರೆದು ಹೊಳೆಯ ಗುಂಟ ಹೋದೆ. ಹೊಳೆ ಹೊರಳುವಲ್ಲಿ ಒಂದು ಗುಡಿ, ಒಂದು ಬಾವಿ, ಒತ್ತೊತ್ತಾಗಿ ಮನೆಗಳ ಗುರುತು, ಬದಿಯಲ್ಲಿ ಅತ್ತೆಯ ಊರಿನ ಹೆಸರು.

ಕರೆಯಲು ಓಡಿದೆ. ಅತ್ತೆ ಲೈಬ್ರರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೂಸನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಬಂದರು. ಅವರಿಗೆ ಓದಲು ಬರುವುದಿಲ್ಲ. ನಾನೇ ಬೆರಳಿಟ್ಟು ಹೊಳೆ, ಗುಡಿ, ಬಾವಿ ತೋರಿಸಿದೆ. ಮನೆ ಎಲ್ಲಿ ಎಂದು ಕೇಳುವರು ಅಂದುಕೊಂಡಿದ್ದೆ. ಅವರು ಊರಿನಿಂದ ಹೊರಟ ಸಣ್ಣ ಗೀಟನ್ನು ಮುಟ್ಟಿ, "ಇದೇನು?" ಎಂದರು.

"ಬಂಡಿ ಹಾದಿ ರೀ."

"ಇದ ಹಾದ್ಯಾಗ ನನ್ನ ಗಂಡನ ಮನಿಗೆ ಕಳಿಸಿದ್ರು. ನಮ್ಮವ್ವ ಉಡಿ ತುಂಬಿ ಬಾವಿತನಕ ಬಂದಿದ್ಲು."

ಅವರ ಬೆರಳು ಗೀಟಿನ ಮೇಲೆ ಹಿಂದಕ್ಕೆ ಹೋಗಿ ಬಾವಿಯ ಹತ್ತಿರ ನಿಂತಿತು. ಬಹಳ ಹೊತ್ತು ತೆಗೆಯಲಿಲ್ಲ. ಮಗಳು ಸೆರಗು ಜಗ್ಗುತ್ತಿದ್ದಳು.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನಾನೊಂದು ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ ಕೊಂಡೆ. ಅತ್ತೆಯನ್ನು ಅಲ್ಲಿಯ ಕಟ್ಟೆಯ ಮೇಲೆ ಕೂರಿಸಿದೆ.

"ಏನ ಮಾಡಾಕತ್ತೀ?"

"ಸೆರಗ ಒಡ್ರಿ ಅತ್ತಿ. ತವರಿಂದ ಹೊಂಟ ಮಗಳು ಬರೀ ಉಡೀಲೆ ಹೋಗಬಾರ್ದು."

"ಹುಚ್ಚವ್ವ, ಸೊಸಿ ಅತ್ತಿಗೆ ಉಡಿ ತುಂಬೂದು ಎಲ್ಲೆರ ಕೇಳೀಯೇನ?" ಎಂದು ಬೈದರು. ಬೈಯುತ್ತಲೇ ಸೆರಗು ಒಡ್ಡಿದರು, ಬೈಯುತ್ತಲೇ ಅತ್ತರು. ನನಗೂ ತಡೆಯಲಾಗಲಿಲ್ಲ.

ಬಸ್ಸಿನಲ್ಲಿ ಅಂದು ಮೊದಲ ಸಲ ಕೂಸನ್ನು ನನ್ನ ತೊಡೆಗೆ ದಾಟಿಸಿದರು. ಕಾಯಿ ಚೀಲಕ್ಕೆ ಹಾಕೋಣ ಎಂದರೆ ಕೊಡಲಿಲ್ಲ. ಗೊಳಸಂಗಿ ಬರುವತನಕ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದರು.