ಒಲೆಯ ಮೇಲೆ ಹಾಲಿಟ್ಟು ಬಂದ ಬ್ಯಾಟ್ಸ್‌ಮನ್

ಆಗೆಲ್ಲ ಭಾನುವಾರಕ್ಕೆ ಒಂದು ವಾಸನೆಯಿತ್ತು. ನಿಮ್ಮ ಮನೆಯಲ್ಲೂ ಆ ದೊಡ್ಡ ರೇಡಿಯೋ ಇದ್ದಿದ್ದರೆ ಗೊತ್ತಿರುತ್ತದೆ: ಒಳಗಿನ ವಾಲ್ವುಗಳು ಕಾಯುತ್ತ ಬಂದಂತೆ ಏಳುವ ಧೂಳು ಸುಟ್ಟ ವಾಸನೆ. ಅದರ ಜೊತೆ ನೀರುದೋಸೆಯ ಘಮವೂ ಇತ್ತು ಅನಿಸುತ್ತದೆ. ದೋಸೆಯನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಧೂಳು ಮಾತ್ರ ನಿಜ.

ಅಪ್ಪ ಜೋಗದ ಪವರ್ ಹೌಸಿನಲ್ಲಿ ಫಿಟ್ಟರ್. ಭಾನುವಾರ ಬೆಳಿಗ್ಗೆ ದೂರದ ಒಂದು ಹಾಡಿನ ಸ್ಟೇಷನ್ನಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಹಾಡುಗಳ ನಡುವೆ ಕ್ರಿಕೆಟ್ ಸುದ್ದಿ ಹೇಳುತ್ತ ಹಿಂದಿಯಲ್ಲಿ ಜಗಳವಾಡುತ್ತಿದ್ದರು. ಅವನು ಬ್ಯಾಟ್ಸ್‌ಮನ್‌ಗಳ ಕಡೆ, ಅವಳು ಬೌಲರ್‌ಗಳ ಕಡೆ. ಉತ್ತರದ ಫಿಟ್ಟರ್‌ಗಳ ಜೊತೆ ದುಡಿದು ಹಿಂದಿ ಕಲಿತಿದ್ದ ಅಪ್ಪನೊಬ್ಬನಿಗೇ ನಮ್ಮ ಮನೆಯಲ್ಲಿ ಅದು ಅರ್ಥವಾಗುತ್ತಿತ್ತು.

"ಎಂತ ಅಂದ್ಲು ಅಪ್ಪಾ?"

"'ನಿನ್ನ ಬ್ಯಾಟ್ಸ್‌ಮನ್ ಬಂದ ಕೂಡ್ಲೇ ವಾಪಸ್ ಓಡಿದ್ನಲ್ಲ ಮಾರಾಯಾ, ಒಲೆ ಮೇಲೆ ಹಾಲಿಟ್ಟು ಬಂದಿದ್ನಾ?' ಅಂತಾಳೆ."

"ಅವ ಎಂತ ಅಂದ?"

"'ಹಾಲು ಉಕ್ಕಿದ್ರೆ ನೀ ಬಂದು ಒರೆಸ್ತೀಯಾ?' ಅಂತಾನೆ."

ಅಮ್ಮ ಅಡುಗೆಮನೆಯಲ್ಲೇ ನಗುತ್ತಿದ್ದಳು. ಮಧ್ಯಾಹ್ನವೆಲ್ಲ ನಾನು ಸೀಮೆಎಣ್ಣೆಯ ಲಾಳಿಕೆಯನ್ನು ಬಾಯಿಗೆ ಹಿಡಿದು ಆ ಇಬ್ಬರೂ ಆಗುತ್ತಿದ್ದೆ. ಒಮ್ಮೆ ಅಪ್ಪ ಆ ಹೆಂಗಸಿನ ಪಕ್ಷ ವಹಿಸಿ ಸ್ಟೇಷನ್ನಿಗೆ ಕಾರ್ಡು ಬರೆದ. ಹೆಸರು ಓದಿಯಾರೆಂದು ಕಾದೆವು. ಓದಲಿಲ್ಲ.

ಅದು ಅಣೆಕಟ್ಟಿನ ನೀರು ಹೊಸದಾಗಿ ಏರಿದ್ದ ಕಾಲ. ಮುಳುಗಿದ ಮರಗಳ ತುದಿ ಮೇಲಕ್ಕೆ ಕಾಣದೆ ದೋಣಿಗಳು ಅವಕ್ಕೆ ತಗಲಿಕೊಳ್ಳುತ್ತಿದ್ದವು. ಹಿನ್ನೀರಿನಾಚೆ ಬ್ಯಾಕೋಡಿನ ಕಡೆ ನೆಂಟರ ಮನೆಗೆ ಹೋದ ಅಪ್ಪ ಶುಕ್ರವಾರ ಬರಬೇಕಿತ್ತು, ಬರಲಿಲ್ಲ. ಶನಿವಾರ ಯಾರೋ ಬಂದು, ಒಂದು ದೋಣಿ ಈಚೆ ದಡ ಮುಟ್ಟಿಲ್ಲವಂತೆ ಎಂದರು. ನಮ್ಮ ಕ್ವಾರ್ಟರ್ಸ್ ಸಾಲಿನ ಗಂಡಸರೆಲ್ಲ ಹುಡುಕಲು ಹೊರಟರು, ಹಿಂದಿ ಬಲ್ಲವರೂ ಸೇರಿ.

ಭಾನುವಾರ ಬೆಳಿಗ್ಗೆ ನಾನು ರೇಡಿಯೋಗೆ ಕೈಹಾಕಿದೆ. ಯಾರು ಬಿದ್ದರು, ಯಾರ ಮಂಡಿಗೆ ಪೆಟ್ಟಾಯಿತು, ನಾಳೆ ಆಡಲು ಏಳುತ್ತಾನೋ ಇಲ್ಲವೋ, ಎಲ್ಲ ಹೇಳುವವರು ಅವರು. ಕಾರ್ಡಿನಿಂದ ಅಪ್ಪನ ಹೆಸರೂ ಗೊತ್ತು. ಅವನ ಸುದ್ದಿ ಹೇಳದೆ ಇರುತ್ತಾರೆಯೇ?

"ಮುಟ್ಬೇಡ!" ಅಮ್ಮ ಕಿರುಚಿದಳು. "ಅಪ್ಪ ಮನೆಗೆ ಬಂದಿಲ್ಲ, ಹಾಡು ಬೇಕಾ ನಿಂಗೆ?"

"ಹಾಡಿಗಲ್ಲಮ್ಮ. ಅಪ್ಪ ಎಲ್ಲಿದಾನೆ ಅಂತ ಅವ್ರು ಹೇಳ್ತಾರೆ."

ಅಮ್ಮನ ಪಕ್ಕ ಕೂತಿದ್ದ ನೆರೆಮನೆಯ ಸರೋಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮ್ಮ ಬಾಗಿಲಿನತ್ತ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಹಾಕು ಕೂಸೇ" ಅಂದಳು.

ಧೂಳು ಕಾಯಿತು. ಹಾಡು ಬಂತು, ಸ್ಕೋರು ಬಂತು, ಆ ಇಬ್ಬರ ಜಗಳ ಬಂತು. ಅಷ್ಟರಲ್ಲಿ ಆ ಹೆಂಗಸು "ಜೋಗ್" ಅಂದಳು. ಅಪ್ಪನ ಹೆಸರು ಅಂದಳು. ಆಮೇಲೆ ಒಂದು ಉದ್ದನೆಯ ಮಾತು ಹೇಳಿದಳು. ಗಂಡಸು ಏನೋ ಅಂದ. ಇಬ್ಬರೂ ಜೋರಾಗಿ ನಕ್ಕರು. ಮತ್ತೆ ಹಾಡು.

"ಎಂತ ಅಂದ್ರು? ಸರೋಜಾ, ಎಂತ ಅಂದ್ರು?"

"ನಂಗೆಲ್ಲಿ ಬತ್ತದೆ ಮಾರಾಯ್ತಿ ಹಿಂದಿ. ನಿಮ್ಮನೆಯವ್ರು ಕಾರ್ಡು ಹಾಕಿದ್ರಲ್ಲ, ಅದೇ ಇರ್ಬೇಕು."

"ಕಾರ್ಡು ಹಾಕಿ ಎಷ್ಟು ಕಾಲ ಆಯ್ತು! ಇವತ್ತೇ ಯಾಕೆ ಓದ್ತಾರೆ?" ಅಮ್ಮ ಸರೋಜಕ್ಕನ ಎರಡೂ ಕೈ ಹಿಡಿದು ಅಲುಗಿಸುತ್ತಿದ್ದಳು. "ನಕ್ರು, ಕೇಳ್ಲಿಲ್ವಾ? ಕೆಟ್ಟ ಸುದ್ದಿ ಆಗಿದ್ರೆ ನಗ್ತಿದ್ರಾ ಹೇಳು!"

ನಾನು ಬೀದಿಗೆ ಓಡಿದೆ. ಆ ಮಾತನ್ನು ಮರೆಯಬಾರದೆಂದು ಬಾಯಲ್ಲೇ ಹೇಳಿಕೊಳ್ಳುತ್ತ ಮನೆಮನೆಯ ಬಾಗಿಲು ತಟ್ಟಿದೆ. ಎಲ್ಲ ಕಡೆ ಹೆಂಗಸರೇ. ಪ್ರತಿ ಬಾಗಿಲಲ್ಲೂ ಒಂದಿಷ್ಟು ಉದುರಿಹೋಯಿತು. ಮನೆಗೆ ಬರುವಾಗ ನನ್ನ ಬಾಯಲ್ಲಿ ಅಪ್ಪನ ಹೆಸರು ಮಾತ್ರ ಇತ್ತು.

ಅಮ್ಮ ಬಚ್ಚಲ ಹಂಡೆಗೆ ಉರಿ ಹಾಕಿದ್ದಳು. "ನೆಂದ್ಕೊಂಡು ಬರ್ತಾರೆ, ಬಿಸಿನೀರು ಬೇಕು" ಎನ್ನುತ್ತ ಅಕ್ಕಿ ತೊಳೆದಳು. ತಡೆಯಲು ಸರೋಜಕ್ಕನಿಗೂ ಧೈರ್ಯ ಬರಲಿಲ್ಲ.

ಸಂಜೆ ಗಂಡಸರು ಬಂದು ಅಂಗಳದಲ್ಲೇ ನಿಂತರು. ಯಾರೂ ಒಳಗೆ ಕಾಲಿಡಲಿಲ್ಲ. ಅಮ್ಮ ಕೈಯಲ್ಲಿ ತಂಬಿಗೆ ಹಿಡಿದು, ಅವರ ಹಿಂದೆ ಇನ್ನೂ ಒಬ್ಬರು ಬರುತ್ತಿದ್ದಾರೇನೋ ಎಂಬಂತೆ ನೋಡುತ್ತ ನಿಂತಿದ್ದಳು. ಹಂಡೆಯ ನೀರು ಕುದಿಯುತ್ತಿತ್ತು. ಆ ನೀರಿನಲ್ಲೇ ಅಪ್ಪನಿಗೆ ಕೊನೆಯ ಸ್ನಾನ ಮಾಡಿಸಿದರು.

ಆಮೇಲೆ ನಾನು ಹಟ ಹಿಡಿದು ಹಿಂದಿ ಕಲಿತೆ. ಕಲಿತಷ್ಟೂ ಆ ಉದ್ದನೆಯ ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗುತ್ತ ಬಂತು. ಈಗ ಅದು ಒಂದೂ ತಪ್ಪಿಲ್ಲದ ವಾಕ್ಯ. ಅದಕ್ಕೇ ಅದನ್ನು ನಂಬುವುದಿಲ್ಲ, ಇಲ್ಲಿ ಬರೆಯುವುದೂ ಇಲ್ಲ.

ಭಾಷೆ ಬಂದ ಮೇಲೂ ಎಷ್ಟೋ ಭಾನುವಾರ ಅದೇ ಸ್ಟೇಷನ್ ಹಾಕಿದ್ದೆ. ಅದೇ ಇಬ್ಬರು, ಅದೇ ದನಿ. ಇಂಥವನು ಇಷ್ಟು ರನ್ನಿಗೆ ಔಟಾದ ಎಂದು ಅವನು ಹೇಳುತ್ತಿದ್ದ, ಪಾಪ ಎಂದು ಅವಳು ನಗುತ್ತಿದ್ದಳು, ಹಾಡು ಹಾಕುತ್ತಿದ್ದರು. ಅಷ್ಟೇ. ಒಲೆಯಿಲ್ಲ, ಹಾಲಿಲ್ಲ, ಮಾರಾಯನಿಲ್ಲ. ಅವರು ಯಾವತ್ತೂ ಅಂಥ ಮಾತು ಆಡಿದವರೇ ಅಲ್ಲ.