ಹಗಲು ಮನೆಯಲ್ಲಿ ಯಾರಿರುತ್ತಾರೆ?

ನಮ್ಮಣ್ಣನ ಅಂಗಡಿಗೆ ಯಾರೇ ಸೋಫಾ ಮಾಡಿಸಲು ಬರಲಿ, ಬಟ್ಟೆ, ಬಣ್ಣ, ರೇಟು ಎಲ್ಲ ಆಮೇಲಿನ ಮಾತು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವನು ಮೊದಲು ಕೇಳುವುದು ಒಂದೇ: "ಕೂರೋರು ಯಾರು?" ಮಂಡಿನೋವಿನವರಾದರೆ ಸೀಟು ಎತ್ತರ ಮಾಡುತ್ತಾನೆ. ಎಳೆ ಮಗುವಿನ ತಾಯಿಯಾದರೆ ಮೊಣಕೈ ಊರಲು ಬರುವ ಹಾಗೆ ಕುರ್ಚಿಯ ಕೈಗಳನ್ನು ಅಗಲ ಮಾಡುತ್ತಾನೆ. ಊಟ ಮಾಡಿ ಅಲ್ಲೇ ಉರುಳುವ ಗಂಡಸು ಎಂದು ಗೊತ್ತಾದರೆ ಕೇಳುವುದೇ ಬೇಡ, ಗಟ್ಟಿ ಫೋಮು. ಗಿರಾಕಿಗಳು ಅವನನ್ನು ಸೋಫಾ ಮೇಷ್ಟ್ರು ಎಂದು ಕರೆಯುತ್ತಾರೆ. ಕರೆಯಲಿ ಬಿಡಿ, ಕೆಲಸದಲ್ಲಿ ಅವನು ಮೇಷ್ಟ್ರೇ. ಮನೆಯಲ್ಲಿ ಎಂಥ ದಡ್ಡ ಎನ್ನುವುದು, ಮದುವೆಯಾಗಿ ಬೇರೆ ಮನೆಗೆ ಬಂದಿದ್ದರೂ, ತಂಗಿಯಾದ ನನಗೆ ಗೊತ್ತು.

ಅಂಗಡಿ ಶುರುವಾದದ್ದು ನಮ್ಮ ಹಳೇ ಮನೆಯ ಜಗಲಿಯಲ್ಲೇ. ಆಗ ದಿಂಬಿನ ಗವಸು ಹೊಲಿಯುತ್ತಿದ್ದವಳು ಅಮ್ಮ. ಸೀಟಿಗೆ ಗುಂಡಿ ಕೂರಿಸುವ ದಬ್ಬಳ ಎಳೆದೂ ಎಳೆದೂ ಅವಳ ಹೆಬ್ಬೆರಳು ಸೀಳಿ, ಇವತ್ತಿಗೂ ಆ ಗೆರೆ ಹೋಗಿಲ್ಲ. ಈಗ ಅಣ್ಣನಿಗೆ ಮುಖ್ಯರಸ್ತೆಯಲ್ಲಿ ಅಂಗಡಿಯಿದೆ, ಕೆಲಸದವರಿದ್ದಾರೆ. ಅಮ್ಮ ಕೂರುವುದು ಮಾತ್ರ ಕುಳಿ ಬಿದ್ದ ಅದೇ ಹಳೇ ಬೆತ್ತದ ಕುರ್ಚಿಯಲ್ಲಿ, ಕಂಬಳಿ ಮಡಚಿ ಹಾಕಿಕೊಂಡು. "ನಾಳೆ ಮಾಡ್ಕೊಡ್ತೀನಮ್ಮ" ಎನ್ನುತ್ತಾನೆ. ದೀಪದ ಕೆಳಗೇ ಕತ್ತಲು ಎಂದು ಸುಮ್ಮನೆ ಹೇಳಿದರೇ ಹಿರಿಯರು?

ಇಂಥವನ ತಲೆಗೆ ನಾಯಿಯ ಹುಚ್ಚು ಹತ್ತಿತು. ಯಾರೋ ದೊಡ್ಡವರ ಬಂಗಲೆಗೆ ಸೋಫಾ ಕೂರಿಸಲು ಹೋಗಿದ್ದನಂತೆ. ಅಲ್ಲಿನ ಜರ್ಮನ್ ಶೆಫರ್ಡ್ ಬಂದು ಇವನ ಪಕ್ಕ ಕೂತಿತಂತೆ. ಯಜಮಾನರು, "ಇದಕ್ಕೆ ಎಲ್ಲರೂ ಹಿಡಿಸಲ್ಲ, ನಿಮ್ಮನ್ನ ನೋಡಿ ಸುಮ್ಮನಿದೆ" ಎಂದರಂತೆ. ಮುಗಿಯಿತು. ಆ ಒಂದು ಮಾತು ಕಿವಿಗೆ ಬಿದ್ದ ಮೇಲೆ ನಮ್ಮಣ್ಣನ ನಡಿಗೆಯೇ ಬೇರೆಯಾಯಿತು.

"ಸಾಕಿದ್ರೆ ಅಂಥದ್ದನ್ನೇ ಸಾಕ್ಬೇಕು" ಎಂದ.

"ಎಲ್ಲಿ, ನಿನ್ನ ತಲೆ ಮೇಲಾ?" ಎಂದೆ. "ಎರಡು ಕೋಣೆ ಮನೆ, ಅದೂ ಎರಡನೇ ಮಹಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಊರಿಗೆಲ್ಲ ಸೋಫಾ, ಹಾಸಿಗೆ ಮಾಡ್ಕೊಡೋ ನಿಂಗೆ ನಾನು ಹೇಳ್ಬೇಕಾ? ನೀನೂ ಅತ್ತಿಗೇನೂ ಬೆಳಗ್ಗೆ ಹೋದ್ರೆ ಕತ್ತಲಾದ್ಮೇಲೆ ಬರೋದು. ಹಗಲೆಲ್ಲ ಅದನ್ನ ನೋಡ್ಕೋಬೇಕಾದೋಳು ಅಮ್ಮ. ಸಣ್ಣದೊಂದು ತಗೋ, ಅವಳ ಕಾಲ ಹತ್ರ ಬಿದ್ದಿರುತ್ತೆ."

"ಅದೇನು ನಾಯಿನಾ? ಬೊಗಳೋ ಇಲಿ!"

ಅಮ್ಮ ಅಲ್ಲೇ ಕುರ್ಚಿಯಲ್ಲಿದ್ದಳು. ಅವಳನ್ನು ಅವನು ಕೇಳಲಿಲ್ಲ.

ಊರಾಚೆ ನಾಯಿ ಸಾಕಿ ಕೊಡುವ ಹೆಂಗಸೊಬ್ಬರಿದ್ದಾರೆ. ಎಲ್ಲರ ಬಾಯಲ್ಲಿ ಅವರು ನಾಯಿ ಮೇಡಂ. ಕೇಳಿದವರಿಗೆಲ್ಲ ಕೊಡುವವರಲ್ಲ. ಹೆಣ್ಣು ಕೊಡುವವರು ಕೂಡ ಅಷ್ಟು ವಿಚಾರಿಸುವುದಿಲ್ಲ. ಅಣ್ಣ ಒಬ್ಬನೇ ಹೋದ. ಅಲ್ಲಿ ಏನು ಹೇಳಿದನೋ ಆಗ ನಮಗೆ ಗೊತ್ತಾಗಲಿಲ್ಲ. ಸಂಜೆ ಆಟೋದಿಂದ ಇಳಿದಾಗ ಪಕ್ಕದಲ್ಲಿ ಕರು ಗಾತ್ರದ ಪ್ರಾಣಿ ನಿಂತಿತ್ತು. ಹೆಸರು ದೊರೆ. ಅಣ್ಣ ಬೀದಿಯಲ್ಲಿ ಎದೆಯುಬ್ಬಿಸಿಕೊಂಡು ನಡೆದು ಬಂದ. ಯಾರು ಯಾರನ್ನು ಎಳೆದು ತರುತ್ತಿದ್ದಾರೆ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಮೊದಲು ಅದನ್ನು ಅಂಗಡಿಗೇ ಕರೆದುಕೊಂಡು ಹೋಗುತ್ತಿದ್ದ. ಒಂದು ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ದೊರೆ ಡೆಲಿವರಿಗೆ ನಿಂತಿದ್ದ ಸೋಫಾದ ಹೊಟ್ಟೆ ಬಗೆದಿತ್ತು. ಅಂಗಡಿ ತುಂಬ ಫೋಮಿನ ಚೂರು. ಮಾರನೆಯ ದಿನದಿಂದ ಅದು ಮನೆಯಲ್ಲೇ ಉಳಿಯಿತು, ಅಮ್ಮನ ಜೊತೆ.

ಪಾಪ, ನಾಯಿಯದು ಏನು ತಪ್ಪು? ಮೈಲಿಗಟ್ಟಲೆ ಓಡಬೇಕಾದ ಪ್ರಾಣಿ ಬಾಗಿಲಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ತಿರುಗುತ್ತಿತ್ತು. ಉಗುರಿನ ಟಕಟಕ ಸದ್ದಿಗೆ ಕೆಳಗಿನ ಮನೆಯವರು ಬಂದು ಕೇಳಿದರು. ಅಮ್ಮ ಅದಕ್ಕೆ ಬುದ್ಧಿ ಹೇಳುತ್ತಿದ್ದಳು, "ದೊರೆ, ನಂಗೂ ಕೂತು ಕೂತು ಬೇಜಾರೇ ಕಣೋ, ನಾನೇನು ಬಾಗಿಲು ಕೆರೀತೀನಾ?" ಅವಳ ಮಾತಿಗೆ ಅದು ಕಿವಿ ನಿಮಿರಿಸಿ ಕೂರುತ್ತಿತ್ತಂತೆ. ಹೊರಗೆ ಹೋಗಬೇಕು ಎಂದಾಗ ಮಾತ್ರ ಮೆಟ್ಟಿಲಿಳಿಸಿ ಕರೆದೊಯ್ಯಲೇಬೇಕು. ಮಂಡಿ ಹಿಡಿದುಕೊಂಡು ಇಳಿಯುವ ಅಮ್ಮನಿಗೆ ಅಣ್ಣ ಹೇಳಿಕೊಟ್ಟ ಉಪಾಯ ಕೇಳಿ: "ಹಗ್ಗಾನ ಕೈಗೆ ಎರಡು ಸುತ್ತು ಸುತ್ಕೋ ಅಮ್ಮ. ತಪ್ಪಿಸ್ಕೊಂಡ್ರೆ ಸಿಗಲ್ಲ ಅದು."

ಕಡೇ ಮೆಟ್ಟಿಲ ಹತ್ತಿರ ಬೆಕ್ಕೊಂದು ಅಡ್ಡ ಓಡಿತು. ದೊರೆ ನೆಗೆಯಿತು. ಸುತ್ತಿದ ಹಗ್ಗ ಬಿಡಿಸಿಕೊಳ್ಳಲು ಆಗದೆ ಅಮ್ಮನೂ ಅದರ ಹಿಂದೆಯೇ ಹೋಗಿ ಬಿದ್ದಳು. ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು "ಹೇಗಾಯ್ತು?" ಎಂದು ಕೇಳಿದ್ದೇ ತಡ, ನಾವು ಬಾಯಿ ಬಿಡುವ ಮೊದಲೇ ಅಮ್ಮ, "ಬಚ್ಚಲಲ್ಲಿ ಜಾರಿದೆ" ಎಂದಳು. ಊದಿದ ಕೈಯ ಮೇಲೆ ಹಗ್ಗದ ಎರಡು ಸುತ್ತು ಕೆಂಪಗೆ ಮೂಡಿತ್ತು. ಡಾಕ್ಟರು ಅದನ್ನು ನೋಡಿದರು. ಅಣ್ಣನೂ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ತನ್ನ ಎರಡೂ ಕೈಗಳನ್ನು ಜೇಬಿನೊಳಗೆ ಹಾಕಿಕೊಂಡ.

ಹೊರಗೆ ಬಂದ ಮೇಲೆ ನಾನು ಬಿಡಲಿಲ್ಲ. "ಇವತ್ತೇ ವಾಪಸ್ ಕೊಟ್ಟು ಬಾ."

"ಎಲ್ರಿಗೂ ತೋರಿಸಿಬಿಟ್ಟಿದೀನಿ. ಈಗ ಕೊಟ್ರೆ ಜನ ಏನಂತಾರೆ? ಆ ಮೇಡಂ ಏನಂದ್ಕೋತಾರೆ?"

"ಅಮ್ಮ ಏನಂದ್ಕೋತಾಳೆ ಅಂತ ಕೇಳಿದ್ಯಾ?"

ಅವನು ಆಟೋ ಹುಡುಕಲು ಹೋದ.

ಮುಂದಿನ ಭಾನುವಾರ ನಾನು ಅಣ್ಣನ ಮನೆಗೆ ಬಂದು ಅಮ್ಮನ ತಲೆ ಬಾಚುತ್ತ ಕೂತಿದ್ದೆ. ಅಣ್ಣ ಪೇಪರ್ ಓದುತ್ತಿದ್ದ. ದೊರೆ ಅಮ್ಮನ ಪಾದದ ಮೇಲೆ ಗಲ್ಲವಿಟ್ಟು ಮಲಗಿತ್ತು. ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ನಾಯಿ ಮೇಡಂ! ತಾವು ಕೊಟ್ಟ ನಾಯಿಗಳು ಹೇಗಿವೆ ಎಂದು ನೋಡಲು ಹೇಳದೆ ಕೇಳದೆ ಬರುತ್ತಾರಂತೆ. ನಗುತ್ತ ಒಳಗೆ ಬಂದವರು ಕುರ್ಚಿಯಲ್ಲಿದ್ದ ಅಮ್ಮನನ್ನೂ ಅವಳ ಕೈಯ ಪಟ್ಟಿಯನ್ನೂ ಕಂಡು ನಿಂತುಬಿಟ್ಟರು.

"ಇವರು?"

"ನಮ್ಮಮ್ಮ" ಎಂದೆ ನಾನು.

ಮೇಡಂ ಅಣ್ಣನ ಕಡೆ ತಿರುಗಿದರು. ದನಿಯೇನೂ ಏರಿರಲಿಲ್ಲ. "ವಯಸ್ಸಾದೋರಿರೋ ಮನೆಗೆ ಇದನ್ನ ಕೊಡಲ್ಲ ಅಂದಿದ್ದೆ. ಹಗಲು ಮನೇಲಿ ಯಾರಿರ್ತಾರೆ ಅಂತ ಎರಡು ಸಲ ಕೇಳಿದೆ. ಯಾರೂ ಇಲ್ಲ, ಅಂಗಡೀಲಿ ನನ್ನ ಜೊತೇನೇ ಇರುತ್ತೆ ಅಂದ್ರಲ್ಲ?"

ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಯಾರೂ ಇಲ್ಲವೇ? ಹೆಬ್ಬೆರಳು ಸೀಳಿಕೊಂಡು ಇವನ ಅಂಗಡಿ ಎಬ್ಬಿಸಿದವಳು ಯಾರೂ ಅಲ್ಲವೇ? ಇವನ ಒಡಹುಟ್ಟಿದವಳು ಎಂದುಕೊಳ್ಳಲು ನನಗೇ ನಾಚಿಕೆಯಾಯಿತು. ಅಣ್ಣ ಪೇಪರನ್ನು ಮಡಚಿದ, ಬಿಚ್ಚಿ ಮತ್ತೆ ಮಡಚಿದ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದನೋ ಏನೋ. ಅತ್ತಿಗೆ ಟೀ ತಟ್ಟೆ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು.

ಮಾತನಾಡಿದವಳು ಅಮ್ಮ. "ಅವನು ಸರಿಯಾಗೇ ಹೇಳಿದಾನೆ ಮೇಡಂ. ನಾನಿರೋದು ಮಗಳ ಮನೇಲಿ. ಬಚ್ಚಲಲ್ಲಿ ಬಿದ್ದು ಕೈ ಮುರ್ಕೊಂಡೆ, ಅದಕ್ಕೆ ನಾಲ್ಕು ದಿನ ಇರು ಅಂತ ಕರ್ಕೊಂಡು ಬಂದ. ನೆಂಟಳ ಥರ ಬಂದಿದೀನಿ ಅಷ್ಟೆ."

ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಇಷ್ಟೊಂದೇ? ಬಾಯಿಗೆ ಬಂದದ್ದನ್ನು ಅಂದುಬಿಡೋಣ ಎಂದುಕೊಂಡೆ. ಅಮ್ಮ ಸರಿಯಿದ್ದ ಕೈಯಿಂದ ನನ್ನ ಮಂಡಿ ಒತ್ತಿ ಹಿಡಿದಳು. ಮೇಡಂ ಟೀ ಕುಡಿದು, ದೊರೆಯ ಕಿವಿಯ ಹಿಂದೆ ಸವರಿ ಹೊರಟುಹೋದರು. ನಂಬಿದರೋ ಬಿಟ್ಟರೋ ದೇವರಿಗೇ ಗೊತ್ತು.

ಬಾಗಿಲು ಹಾಕಿದ ಮೇಲೆ ಅಮ್ಮ, "ನನ್ನ ಬಟ್ಟೆ ಚೀಲಕ್ಕೆ ತುಂಬೇ" ಎಂದಳು.

"ಎಲ್ಲಿಗಮ್ಮ?" ಎಂದ ಅಣ್ಣ.

"ಇವಳ ಮನೆಗೆ. ಆ ಮೇಡಂ ಮತ್ತೆ ಬರ್ತಾರೆ ಕಣೋ. ಆವಾಗ್ಲೂ ನಾನಿಲ್ಲೇ ಇದ್ರೆ ನೀನು ಸುಳ್ಳುಗಾರ ಆಗ್ತೀಯ."

ಕೊಂಕು ಮಾತಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಮ್ಮ ನಿಜವಾಗಿಯೂ ಅವನ ಮರ್ಯಾದೆಯ ಯೋಚನೆಯಲ್ಲೇ ಹೇಳಿದ್ದಳು. "ತಪ್ಪಾಯ್ತಮ್ಮ" ಎನ್ನಲು ಹೋದ. ತಪ್ಪಾ ಎನ್ನುವಷ್ಟರಲ್ಲಿ ಅಮ್ಮ ಅವನ ತಲೆ ಸವರಿ ಮೆಟ್ಟಿಲಿಳಿದಳು. ಅವನು ಚೀಲ ಹಿಡಿದು ಹಿಂದೆ ಬಂದ.

ಅಮ್ಮ ನಮ್ಮ ಮನೆಯಲ್ಲೇ ಉಳಿದಳು, ವಾಪಸ್ ಹೋಗುವ ಮಾತೇ ಎತ್ತಲಿಲ್ಲ. ಅಣ್ಣ ಬರುತ್ತಿದ್ದ, ಗೇಟಿನವರೆಗೆ. ಒಳಗೆ ಬಾರೋ ಎಂದರೆ ಅಂಗಡಿಯಲ್ಲಿ ಕೆಲಸವಿದೆ ಎನ್ನುತ್ತಿದ್ದ. ಅಂಗಡಿಯಲ್ಲೂ ಅವನು "ಕೂರೋರು ಯಾರು?" ಎಂದು ಕೇಳುವುದನ್ನು ಬಿಟ್ಟಿದ್ದಾನೆ, ಸುಮ್ಮನೆ ಅಳತೆ ಬರೆದುಕೊಳ್ಳುತ್ತಾನೆ ಎಂದು ಅತ್ತಿಗೆ ಹೇಳಿದಳು. ಒಂದು ದಿನ ದೊರೆಯನ್ನು ಹಿಡಿದುಕೊಂಡು ಗೇಟಿನ ಹತ್ತಿರ ನಿಂತು, "ವಾಪಸ್ ಕೊಡೋಕೆ ಹೋಗ್ತಿದೀನಿ. ನೀನೂ ಬಾ. ಒಬ್ಬನೇ ಹೋದ್ರೆ ಮತ್ತೆ ಏನಾದ್ರೂ ಸುಳ್ಳು ಹೇಳಿಬಿಡ್ತೀನಿ" ಎಂದ.

ನಾಯಿ ಮೇಡಂ ಬೈಯಲಿಲ್ಲ. ಹಗ್ಗ ಬಿಚ್ಚಿದೊಡನೆ ದೊರೆ ಬಯಲಿನ ಆಚೆ ತುದಿಯವರೆಗೆ ಓಡಿತು, ತಿರುಗಿ ಓಡಿ ಬಂತು, ಮತ್ತೆ ಓಡಿತು. ಅದು ಹಾಗೆ ಓಡಿದ್ದನ್ನು ನಾವು ನೋಡಿರಲೇ ಇಲ್ಲ. ಅಣ್ಣ ತಲೆ ತಗ್ಗಿಸಿಕೊಂಡು ಚಪ್ಪಲಿಯ ತುದಿ ನೋಡುತ್ತ ನಿಂತಿದ್ದ.

ಅಷ್ಟರಲ್ಲಿ ಕುಳ್ಳಗಿನ, ಮೂತಿ ನರೆತ ನಾಯಿಯೊಂದು ನಿಧಾನವಾಗಿ ಬಂದು ಅವನ ಕಾಲ ಬಳಿ ಕೂತಿತು.

"ನಿಮ್ಮನೆಗೆ ಸರಿಹೋಗೋದು ಇಂಥದ್ದು" ಎಂದರು ಮೇಡಂ. "ಓಡಲ್ಲ, ಎಳೆಯಲ್ಲ. ಪಕ್ಕದಲ್ಲಿ ಒಂದು ಜೀವ ಇದ್ರೆ ಸಾಕು ಇದಕ್ಕೆ. ಒಂಟಿಯಾಗಿ ಬಿಟ್ರೆ ಮಾತ್ರ ಊಟ ಬಿಟ್ಟುಬಿಡುತ್ತೆ. ಹಗಲು ಮನೇಲಿ ಯಾರಿರ್ತಾರೆ?"

ಅಣ್ಣ ತಲೆಯೆತ್ತಿದ. "ನಮ್ಮಮ್ಮ..." ಎಂದು ಶುರುಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ. ನಾನೂ ಆಸರೆ ಕೊಡಲಿಲ್ಲ.

"ಇದ್ರು" ಎಂದ. ಬಗ್ಗಿ ಆ ನಾಯಿಯ ತಲೆ ಸವರಿದ. ಆಮೇಲೆ ಮೇಡಂ ಕಡೆ ನೋಡದೆಯೇ ಹೇಳಿದ, "ಈಗ ಯಾರೂ ಇಲ್ಲ. ಈ ಸಲ ನಿಜ ಮೇಡಂ."